ಚಿಪ್ಪಿನ ಕೆರೆಗೆ ಬಂದ ಆಡುಗಳು

ಕಾರೆಹಟ್ಟಿಯ ಅಂಗನವಾಡಿಯಲ್ಲಿ ಭೂತಮ್ಮ ಬೇಯಿಸಿದ್ದನ್ನೆಲ್ಲ ಹನ್ನೊಂದು ತಿಂಗಳ ಕಾಲ ತಿಂದದ್ದು ಜುಂಜಮ್ಮನ ಮನೆಯ ಎಮ್ಮೆ. ತಿನ್ನಬೇಕಾಗಿದ್ದವರು ಆ ಕುರಿಗಾರರ ಹಟ್ಟಿಯ ಹದಿನಾಲ್ಕು ಮಕ್ಕಳು. ಅವರು ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದರು, ಟೀಚರ್ ಹೇಳಿಕೊಟ್ಟ ಹಾಡು ಹೇಳುತ್ತಿದ್ದರು, ಊಟದ ಹೊತ್ತಿಗೆ ಸರಿಯಾಗಿ ಮನೆಮನೆಯಿಂದ ಹೆಂಗಸರು ಬಂದು ಅವರ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಜಗಳವಿಲ್ಲ, ಒಂದು ಒರಟು ಮಾತಿಲ್ಲ. ಕೊನೆಗೆ ಜುಂಜಮ್ಮ ಬಕೆಟ್ಟು ತಂದು ಹೊಸ್ತಿಲಾಚೆ ಇಟ್ಟು ನಾಲ್ಕು ಮಾರು ದೂರ ನಿಲ್ಲುವಳು. ಭೂತಮ್ಮ ಪಾತ್ರೆಯಲ್ಲಿದ್ದುದನ್ನು ಅದಕ್ಕೆ ಸುರಿಯುವಳು. ಆ ಎಮ್ಮೆಯ ಹಾಲನ್ನು ಅದೇ ಮಕ್ಕಳು ರಾತ್ರಿ ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಿದ್ದರು. ಎಮ್ಮೆಯ ಹೊಟ್ಟೆಯೊಳಗೆ ಮೈಲಿಗೆ ಅದು ಹೇಗೆ ಕರಗುತ್ತದೋ ಬಲ್ಲವರೇ ಹೇಳಬೇಕು.

ಭೂತಮ್ಮನ ಮನೆ ಹಟ್ಟಿಯಿಂದ ಒಂದೂವರೆ ಮೈಲಿ, ಕಂದಿಕೆರೆ ದಾರಿಯಲ್ಲಿ ಕೆರೆಯ ಕೆಳಗಿನ ಕೇರಿಯಲ್ಲಿತ್ತು. ಕೇರಿ ಎಂದ ಮೇಲೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಲಕ್ಷ್ಮಯ್ಯ ಕಾಯಿ ಕೀಳಲು ಮರ ಹತ್ತಿದವನು ಮರದಿಂದಲೇ ಹೋದ. ಆಗ ಮಗ ಭೀಮರಾಜು ಎರಡನೇ ಕ್ಲಾಸು. ಅವಳು ತಿಪಟೂರಿಗೆ ಬಸ್ಸಿನಲ್ಲಿ ಹೋಗಿ ಮಂಡಿಯೊಂದರಲ್ಲಿ ಏಳು ವರ್ಷ ಕೊಬ್ಬರಿ ಒಡೆದಳು. ಚಿಪ್ಪಿನಿಂದ ಉಂಡೆ ಕೊಬ್ಬರಿಯನ್ನು ಗೀರು ಬೀಳದ ಹಾಗೆ ಬಿಡಿಸುವುದು ಎಲ್ಲರಿಗೂ ಬರುವ ಕೆಲಸವಲ್ಲ. ಅವಳ ಕೈ ತಾಗಿದ ಕೊಬ್ಬರಿ ಮೂಟೆಮೂಟೆಯಾಗಿ ದೆಹಲಿಯ ಕಡೆಗೆ ಹೋಗುತ್ತಿತ್ತು, ಅಲ್ಲಿ ಮದುವೆಗೆ, ಪೂಜೆಗೆ ಬಳಕೆಯಾಗುತ್ತಿತ್ತು. ಒಡೆದವಳು ಯಾರು ಎಂದು ಅಲ್ಲಿಂದ ಒಬ್ಬರೂ ಕಾಗದ ಬರೆದು ಕೇಳಲಿಲ್ಲ.

ತೊಂಬತ್ತಾರರಲ್ಲಿ ಅಂಗನವಾಡಿ ಸಹಾಯಕಿಯ ಕೆಲಸ ಸಿಕ್ಕಿತು. ಅಷ್ಟರಲ್ಲಿ ಮಗ ತಿಪಟೂರಿನ ಹಾಸ್ಟೆಲ್ಲು ಸೇರಿದ್ದ. ಮನೆಯಲ್ಲಿ ಅವಳೊಬ್ಬಳೇ. ಒಂದು ಮುದ್ದೆ ಕಟ್ಟಿ, ಒಂದು ಮುದ್ದೆ ಉಂಡು ಮಲಗುವ ಬಾಳು ಅವಳಿಗೆ ಒಗ್ಗಿರಲಿಲ್ಲ. ಬಡಿಸುವ ಕೈಗೆ ಉಣ್ಣುವ ಬಾಯಿ ಬೇಕು. ಹದಿನಾಲ್ಕು ಬಾಯಿ ಎಂದು ಕೇಳಿದಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಮೊದಲ ದಿನ ನುಚ್ಚಿನ ಉಪ್ಪಿಟ್ಟಿಗೆ ಮನೆಯಿಂದ ಒಂದು ಹೋಳು ಕಾಯಿ ತಂದು ತುರಿದು ಹಾಕಿದ್ದಳು. ಬಕೆಟ್ಟಿನಲ್ಲಿ ಬಿದ್ದ ಆ ಕಾಯಿತುರಿ ಅವಳ ಕಣ್ಣಿನಿಂದ ಎಷ್ಟೋ ದಿನ ಹೋಗಲಿಲ್ಲ. ಒಂದೇ ಒಂದು ಮಗು ತನ್ನ ಕೈಯ ಬಿಸಿ ಅಡುಗೆಯನ್ನು ಒಂದು ತುತ್ತು ತಿನ್ನಲಿ, ಅಷ್ಟಾದರೆ ಸಾಕು ಎಂದು ಅವಳು ಹೇಳಿಕೊಳ್ಳದ ದೇವರಿರಲಿಲ್ಲ.

ಟೀಚರ್ ಶಾಂತಕುಮಾರಿ ಚಿಕ್ಕನಾಯಕನಹಳ್ಳಿಯಿಂದ ಬರುತ್ತಿದ್ದವರು, ಒಳ್ಳೆಯವರು. ಕಾಲ ಬದಲಾಗುತ್ತದೆ ಎಂದು ಭೂತಮ್ಮನಿಗೆ ಸಮಾಧಾನ ಹೇಳುವರು, ಹೇಳಿ ತಮ್ಮ ಡಬ್ಬಿ ಬಿಚ್ಚಿ ಮನೆಯ ಚಿತ್ರಾನ್ನ ಊಟ ಮಾಡುವರು. ತೊಂಬತ್ತೇಳರ ಏಪ್ರಿಲ್ಲಿನಲ್ಲಿ ಒಂದು ದಿನ ಅವರು ಒಂದು ವಾರಪತ್ರಿಕೆಯ ಬೇಸಿಗೆ ಪುಟವನ್ನು ಓದಿ ಹೇಳಿದರು. ಒಲೆ ಹಚ್ಚುವ ಗೋಜಿಲ್ಲದೆ ಮಕ್ಕಳಿಗೆ ಹಣ್ಣಿನ ತಿನಿಸು. ಚಿತ್ರದಲ್ಲಿ ಹಣ್ಣಿನ ಹೋಳುಗಳನ್ನು ಮೊಲದ ಹಾಗೆ ಜೋಡಿಸಿ, ಪಕ್ಕದ ಬಟ್ಟಲಲ್ಲಿ ಅದ್ದಿಕೊಳ್ಳಲು ಏನೋ ಬೆಳ್ಳಗಿರುವುದನ್ನು ಇಟ್ಟಿದ್ದರು. ಟೀಚರ್ ನಕ್ಕು ಪುಟ ತಿರುವಿದರು. ಭೂತಮ್ಮ ಪತ್ರಿಕೆ ಇಸಿದುಕೊಂಡು ಆ ಪುಟವನ್ನು ಮತ್ತೆ ತೆಗೆದಳು. ಅವಳ ಮನಸ್ಸಿನಲ್ಲಿ ನಿಂತದ್ದು ಮೊಲವಲ್ಲ, ಒಲೆ ಹಚ್ಚುವ ಗೋಜಿಲ್ಲ ಎಂಬ ಮಾತು.

ಮರುದಿನವೇ ಜುಂಜಮ್ಮನನ್ನು ಕೇಳಿದಳು. ಎಪ್ಪತ್ತರ ಹತ್ತಿರದ ಜುಂಜಮ್ಮ ಹಟ್ಟಿಗೆ ಹಿರಿಯಳು. ಯಾವುದು ಕೂಡುತ್ತದೆ, ಯಾವುದು ಕೂಡದು ಎನ್ನುವುದಕ್ಕೆಲ್ಲ ಅವಳ ಮಾತೇ ಕೊನೆ. ಅವಳು ಎಲೆಯಡಿಕೆ ಅಗಿಯುತ್ತಲೇ ತೀರ್ಪು ಹೇಳಿದಳು.

"ಹಣ್ಣು ಮರದಲ್ ಬಿಟ್ಟಿದ್ದು, ಕಾಯಿನೂ ಅಂಗೇಯ. ಬೆಲ್ಲ ಅಂಗಡೀದು. ಅದಕ್ಕೇನೂ ಇಲ್ಲ. ಆದ್ರೆ ನಿನ್ ನೀರು ಸೋಕ್‌ಬಾರ್ದು ಕಣಮ್ಮಿ."

"ಎಳನೀರು ಹಾಕ್ತೀನಿ ಕಣವ್ವ. ಅದು ನಂದಲ್ಲ, ಕಾಯಿದು," ಎಂದಳು ಭೂತಮ್ಮ.

ಜುಂಜಮ್ಮ ಎಲೆಯಡಿಕೆ ಉಗಿದು ಆಗಲಿ ಎಂದಳು. ಹೆಚ್ಚುವ ಕೈಯ ಮಾತನ್ನು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಹಣ್ಣಿಗೆ ಆ ಸೀಮೆಯಲ್ಲಿ ಬರವಿರಲಿಲ್ಲ. ಭೂತಮ್ಮನ ಹಿತ್ತಲಲ್ಲೇ ಪರಂಗಿ ಗಿಡವಿತ್ತು. ಬೆಳಗಿನ ಹೊತ್ತು ಅವಳು ಕೆಲಸಕ್ಕೆ ಹೋಗುತ್ತಿದ್ದ ವೀರಭದ್ರಯ್ಯನ ತೋಟದಲ್ಲಿ ಗೊನೆಯಿಂದ ಉದುರಿದ ಬಾಳೆಹಣ್ಣು, ಬಿದ್ದ ಕಾಯಿ, ಮಾವಿನಕಾಯಿ ಕೇಳಿದಷ್ಟು ಕೊಡುತ್ತಿದ್ದರು. ಅಂಗನವಾಡಿಯ ಒರಳಲ್ಲಿ ಕಾಯಿ ರುಬ್ಬಿ, ಎಳನೀರು ಬೆರೆಸಿ ಬಟ್ಟೆಯಲ್ಲಿ ಹಿಂಡಿದಳು. ಆ ದಪ್ಪ ಹಾಲಿಗೆ ಬೆಲ್ಲ ಹೆರೆದು ಹಾಕಿ ಏಲಕ್ಕಿ ಪುಡಿ ಉದುರಿಸಿದಳು. ಮೊಲ ಅವಳಿಗೆ ಹಿಡಿಸಲಿಲ್ಲ. ಹಟ್ಟಿಯ ಮಕ್ಕಳು ಕಣ್ಣು ಬಿಟ್ಟಾಗಿನಿಂದ ಕಂಡದ್ದು ಕುರಿ, ಆಡು. ಹಾಗಾಗಿ ಪರಂಗಿ ಹೋಳಿಗೆ ತೆಂಗಿನ ಗರಿಯ ಕಡ್ಡಿ ಮುರಿದು ನಾಲ್ಕು ಕಾಲು ಚುಚ್ಚಿದಳು, ಮಾವಿನಕಾಯಿ ಸೀಳಿ ಕೊಂಬು ಇಟ್ಟಳು, ಆಡಾಯಿತು. ಎಳೆಗಾಯಿಯ ಬಿಳಿ ತಿರುಳಿಗೆ ಕಾಲು ಬಂದರೆ ಕುರಿ. ತೆಂಗಿನ ಚಿಪ್ಪು ಉರುಳದ ಹಾಗೆ ನಾರಿನ ಸಿಂಬೆಯ ಮೇಲೆ ಕೂರಿಸಿ ಅದರ ತುಂಬ ಕಾಯಿಹಾಲು ಹುಯ್ದಳು. ಅದು ಕೆರೆ.

ಕೆರೆ ತುಂಬಿದೆ, ಆಡು ಹೊಡೆದುಕೊಂಡು ಬನ್ನಿ ಎಂದದ್ದೇ ತಡ, ಹದಿನಾಲ್ಕು ಮಕ್ಕಳೂ ನೆಲದ ಮೇಲೆ ಮಂಡಿಯೂರಿದರು. ಆಡಿನ ಮೂತಿ ಹಾಲಲ್ಲಿ ಮುಳುಗಿಸಿದರು, ಕಾಲಿನ ಕಡ್ಡಿ ಕಿತ್ತು ಸಾಲಾಗಿ ಇಟ್ಟರು, ಆಡನ್ನು ಬಾಯಿಗೆ ಹಾಕಿಕೊಂಡರು. ಆ ದಿನ ಬಕೆಟ್ಟಿಗೆ ಸಿಕ್ಕಿದ್ದು ಸಿಪ್ಪೆ ಮಾತ್ರ.

ಜುಂಜಮ್ಮ ದಿನಾ ಬಾಗಿಲ ಹೊರಗೆ ಕೂತು ನೋಡತೊಡಗಿದಳು. ಮೈಲಿಗೆಯ ಕಾವಲಿಗೆ ಬಂದವಳು ಆಟದಲ್ಲಿ ಸಿಕ್ಕಿಕೊಂಡಳು. ಹೋತದ ಕೊಂಬು ಹಿಂದಕ್ಕೆ ಬಾಗಿರಬೇಕು ಎಂದು ಭೂತಮ್ಮನನ್ನು ತಿದ್ದಿದಳು. ಮರಿಯನ್ನು ತಾಯಿಯ ಪಕ್ಕಕ್ಕೇ ಬಿಡಿ ಎಂದು ಮಕ್ಕಳಿಗೆ ಹೇಳಿದಳು. ಒಂದು ದಿನ ಚಿತ್ತೇಶನೆಂಬ ಹುಡುಗ, ಅವಳ ಮೊಮ್ಮಗಳು ಭಾಗ್ಯ ಅದ್ದಿ ಹಿಡಿದಿದ್ದ ಆಡನ್ನು ಕಿತ್ತುಕೊಂಡ. ಜುಂಜಮ್ಮ ಕೂತಲ್ಲಿಂದಲೇ ಗದರಿದಳು.

"ನೀರು ಕುಡಿಯೋ ಜೀವನ ಎಬ್ಬಬಾರ್ದು ಕಣ್ಲಾ. ನಮ್ ಕುಲದೋರು ಹಂಗೆ ಮಾಡಕಿಲ್ಲ. ಅದರಾಗಿ ಅದು ಬಾಯಿ ಎತ್‌ಬೇಕು."

ಹಟ್ಟಿಯಲ್ಲಿ ಅದು ಆಟದ ಮಾತಲ್ಲ. ನೀರಿಗೆ ಬಾಯಿಟ್ಟ ಪ್ರಾಣಿಯನ್ನು ಎಳೆಯುವುದು ಎಷ್ಟು ದೊಡ್ಡ ಪಾಪವೆಂದರೆ, ಸಂತೆಗೆ ಹೊತ್ತಾದರೂ ಕಾಯುತ್ತಿದ್ದರು, ಬಸ್ಸು ಹೋದರೂ ಕಾಯುತ್ತಿದ್ದರು. ನಾಲ್ಕು ವರ್ಷದ ಭಾಗ್ಯ ಈ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಳು.

ಆ ತಿಂಗಳ ಕೊನೆಗೆ ನೋಡಿಕೊಂಡು ಹೋಗಲು ಬಂದ ಮೇಲಿನವರಿಗೆ ಬಹಳ ಸಂತೋಷವಾಯಿತು. ಇಷ್ಟು ದಿನ ಇದ್ದ ತೊಂದರೆ ಬಗೆಹರಿಯಿತು, ಇನ್ನು ಮೇಲೆ ಹೀಗೇ ನಡೆಸಿಕೊಂಡು ಹೋಗಿ, ಒಲೆಯ ರಗಳೆಯೇ ಬೇಡ ಎಂದು ಹೇಳಿ ಎಳನೀರು ಕುಡಿದು ಹೊರಟರು. ಟೀಚರಿಗೂ ಸಮಾಧಾನ, ಹಟ್ಟಿಗೂ ಸಮಾಧಾನ. ಜುಂಜಮ್ಮನಂತೂ ಭೂತಮ್ಮ ಬಲು ಬುದ್ಧಿವಂತೆ ಎಂದು ನಾಲ್ಕು ಜನರ ಎದುರು ಹೊಗಳಿದಳು.

ಆ ಸಂಜೆ ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಿದ್ದ ಭೂತಮ್ಮನಿಗೆ ಅಳು ಬಂತು. ಹೊಗಳಿದ್ದಕ್ಕೆ ಅಳುವುದೇ ಎಂದು ತನ್ನನ್ನೇ ಬೈದುಕೊಂಡಳು. ಆದರೆ ವಿಷಯ ಅವಳಿಗೆ ಗೊತ್ತಿತ್ತು. ಬೇಲಿಯಲ್ಲಿ ದಾರಿ ಬಿಡಿಸಲು ಹೋಗಿ ಅವಳು ಬೇಲಿಗೇ ನೀರು ಹಾಕಿದ್ದಳು. ಇನ್ನು ಯಾರೂ ಅವಳ ಅಡುಗೆಯನ್ನು ಬೇಡ ಎನ್ನಬೇಕಾಗಿಲ್ಲ, ಅವಳು ಅಡುಗೆಯನ್ನೇ ಮಾಡುವುದಿಲ್ಲವಲ್ಲ. ಎಲ್ಲರೂ ಒಳ್ಳೆಯವರಾಗಿ ಉಳಿದರು. ಅವಮಾನ ಮಾಡುವವರೇ ಇಲ್ಲದ ಅವಮಾನ ಅವಳ ಪಾಲಿಗೆ ಉಳಿಯಿತು. ಬಕೆಟ್ಟಿನ ಕಾಲವೇ ವಾಸಿ ಎನ್ನಿಸಿತು ಅವಳಿಗೆ.

ಬೇಸಿಗೆ ರಜೆ ಕಳೆದು ಜೂನಿನಲ್ಲಿ ಬಾಗಿಲು ತೆರೆದಾಗ ಭೂತಮ್ಮ ಒಲೆ ಸಾರಿಸಿದಳು. ನಾಳೆ ಪಾಯಸ ಮಾಡುತ್ತೇನೆ ಎಂದಳು. ಟೀಚರ್ ಗಾಬರಿಯಾದರು. ಹಣ್ಣು ತಿನ್ನುವುದನ್ನೂ ಬಿಟ್ಟುಬಿಡುತ್ತಾರೆ, ಇರುವುದನ್ನು ಯಾಕೆ ಕಳೆದುಕೊಳ್ಳುತ್ತೀಯ ಎಂದರು.

"ಬುಟ್ರೆ ಬುಡ್ಲಿ ಟೀಚರೇ. ನಾನು ಇಲ್ಲಿಗೆ ಅಡುಗೆ ಮಾಡಕ್ ಬಂದೋಳು."

ಮರುದಿನ ಹೆಸರುಬೇಳೆ ಬೇಯಿಸಿ, ಬೆಲ್ಲ ಹಾಕಿ, ಕಾಯಿಹಾಲು ಬಿಟ್ಟು ಕುದಿಸಿದಳು. ಈ ಸಲ ನೀರು ಅವಳದೇ, ಬೆಳಿಗ್ಗೆ ಕೈಪಂಪಿನಿಂದ ಅವಳೇ ಹೊತ್ತು ತಂದದ್ದು. ಎಂದಿನಂತೆ ಆಡು, ಕುರಿ ಮಾಡಿ ಇಟ್ಟಳು. ಎಂದಿನಂತೆ ಚಿಪ್ಪುಗಳನ್ನು ಸಿಂಬೆಯ ಮೇಲೆ ಕೂರಿಸಿ, ಆರಿ ಹದವಾದ ಪಾಯಸ ತುಂಬಿದಳು. ಆಮೇಲೆ ಬಾಗಿಲ ಕಡೆ ತಿರುಗಿ, ಹೊರಗೆ ಕೂತಿದ್ದ ಜುಂಜಮ್ಮನಿಗೆ ಕೇಳುವಂತೆ, ಇವತ್ತು ಕೆರೆಯಲ್ಲಿರುವುದು ನಾನು ಬೇಯಿಸಿದ್ದು ಎಂದು ಹೇಳಿದಳು. ಕದ್ದು ತಿನ್ನಿಸುವ ಮನಸ್ಸು ಅವಳಿಗಿರಲಿಲ್ಲ. ಕದ್ದು ತಿಂದರೆ ಅವಳಿಗೆ ಬೇಕಾದದ್ದು ಸಿಕ್ಕಂತೆಯೂ ಆಗುತ್ತಿರಲಿಲ್ಲ.

ದೊಡ್ಡ ಮಕ್ಕಳು ಕೈ ಹಿಂದಕ್ಕೆ ತೆಗೆದುಕೊಂಡು ಅಜ್ಜಿಯ ಮುಖ ನೋಡಿದರು. ಭಾಗ್ಯ ಮಾತ್ರ ನೋಡಲಿಲ್ಲ. ಅವಳ ಆಡು ಆಗಲೇ ಕೆರೆಯ ದಡಕ್ಕೆ ಬಂದಿತ್ತು. ಮೂತಿ ಮುಳುಗಿತು. ಜುಂಜಮ್ಮ ಎದ್ದಳು. ಒಂದು ವರ್ಷದಿಂದ ದಾಟದಿದ್ದ ಹೊಸ್ತಿಲನ್ನು ದಾಟಿ ಒಳಗೆ ಬಂದು ಮೊಮ್ಮಗಳ ರಟ್ಟೆಗೆ ಕೈ ಹಾಕಿದಳು.

ಭಾಗ್ಯ ತಲೆ ಎತ್ತದೆ ಹೇಳಿದಳು. "ತಡಿ ಅಜ್ಜಿ. ನೀರು ಕುಡೀತೈತೆ."

ಜುಂಜಮ್ಮನ ಕೈ ನಿಂತಿತು. ಸುತ್ತ ಹದಿಮೂರು ಮಕ್ಕಳು ನೋಡುತ್ತಿದ್ದವು. ಆ ಮಾತು ಹೇಳಿಕೊಟ್ಟವಳು ಅವಳೇ. ಹಿಡಿದ ರಟ್ಟೆ ಬಿಡಲಿಲ್ಲ, ಎಳೆಯಲೂ ಇಲ್ಲ. ಭಾಗ್ಯ ಆಡನ್ನು ಎತ್ತಿ ತಿಂದಳು, ಇನ್ನೊಂದನ್ನು ತಂದು ಅದ್ದಿದಳು, ಮೂರನೆಯದನ್ನೂ ತಿಂದಳು. ಕೊನೆಗೆ ಕೆರೆಯನ್ನೇ ಎರಡು ಕೈಯಲ್ಲಿ ಎತ್ತಿ ಕುಡಿದಳು. ಭೂತಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಗೋಡೆಗೆ ಆನಿಕೊಂಡು ನಿಂತಳು.

ಮಗು ಚಿಪ್ಪು ಕೆಳಗಿಟ್ಟ ಮೇಲೆ ಜುಂಜಮ್ಮ ಅವಳನ್ನು ಕರೆದುಕೊಂಡು ಹೋದಳು. ಮನೆಯ ಮುಂದೆ ಬಂಡೆಯ ಮೇಲೆ ನಿಲ್ಲಿಸಿ, ಹಟ್ಟಿಯೆಲ್ಲ ನೋಡುವಂತೆ ತಲೆಯ ಮೇಲೆ ಎರಡು ಬಿಂದಿಗೆ ನೀರು ಸುರಿದಳು. ಅಂಗನವಾಡಿಯ ಬಾಗಿಲಿನಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಒಂದು ಗಳಿಗೆಯ ಹಿಂದೆ ತುಂಬಿದ್ದ ಭೂತಮ್ಮನ ಎದೆ ಬರಿದಾಯಿತು. ತೊಳೆದು ಹಾಕಿದ್ದು ತನ್ನನ್ನೇ ಎಂದು ಅವಳಿಗೆ ಗೊತ್ತಿತ್ತು.

ಆದರೆ ಮರುದಿನ ಹತ್ತು ಗಂಟೆಗೆ ಭಾಗ್ಯ ಬಂದಳು. ಬೇಡವೆಂದು ಯಾರೂ ಅವಳನ್ನು ತಡೆದಿರಲಿಲ್ಲ. ತಿಂದಳು, ಮಧ್ಯಾಹ್ನ ಮತ್ತೆ ಬಂಡೆಯ ಮೇಲೆ ನಿಂತು ನೀರು ಹುಯ್ಯಿಸಿಕೊಂಡಳು. ವಾರದೊಳಗೆ ಚಿತ್ತೇಶ, ಆಮೇಲೆ ಇನ್ನೂ ಮೂವರು. ದೀಪಾವಳಿಯ ಹೊತ್ತಿಗೆ ಒಂಬತ್ತು ಮಕ್ಕಳು ಉಣ್ಣುತ್ತಿದ್ದವು, ಒಂಬತ್ತು ತಲೆ ಒದ್ದೆಯಾಗುತ್ತಿದ್ದವು. ಆಡಿಲ್ಲದ ದಿನವೂ ಉಪ್ಪಿಟ್ಟು ಖರ್ಚಾಗತೊಡಗಿತು. ಟೀಚರ ಡಬ್ಬಿ ಮಾತ್ರ ಆ ವರ್ಷವೆಲ್ಲ ಬರುತ್ತಲೇ ಇತ್ತು.

ಡಿಸೆಂಬರಿನ ಚಳಿಗೆ ಭಾಗ್ಯಳಿಗೆ ನೆಗಡಿಯಾಯಿತು, ಕೆಮ್ಮು ಹತ್ತಿತು. ಹಾಡು ಹೇಳುವಾಗ ಅವಳ ಎದೆ ಗೊರಗೊರ ಎನ್ನುವುದು ಭೂತಮ್ಮನಿಗೆ ಕೇಳಿಸುತ್ತಿತ್ತು. ಎರಡು ದಿನ ಅವಳು ಆ ಮಗುವಿಗೆ ಬಡಿಸಲು ಕೈ ಬಾರದೆ ಒದ್ದಾಡಿದಳು. ಬಡಿಸಿದರೆ ನೀರು ಹುಯ್ಯುತ್ತಾರೆ, ಬಡಿಸದಿದ್ದರೆ ಮಗು ತಟ್ಟೆ ಹಿಡಿದು ನಿಲ್ಲುತ್ತದೆ. ಮೂರನೆಯ ದಿನ ಮನೆಗೆ ಹೊರಟವಳು ದಾರಿ ಬಿಟ್ಟು ಜುಂಜಮ್ಮನ ಮನೆಯ ಮುಂದೆ ಹೋಗಿ ನಿಂತಳು. ಸ್ನಾನ ಮಾಡಿಸಬೇಡಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

"ಕಾಯಿಸಿದ ನೀರಾದ್ರೂ ಹುಯ್ಯಿ ಕಣವ್ವ. ಕೂಸು ಕೆಮ್ತೈತೆ," ಎಂದಳು.

ಜುಂಜಮ್ಮ ಭೂತಮ್ಮನ ಮುಖವನ್ನು ನೋಡಿ ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಭಾಗ್ಯ ಉಂಡು ಮನೆಗೆ ಹೋದಳು. ಭೂತಮ್ಮ ಪಾತ್ರೆ ತೊಳೆಯುತ್ತ ಬಂಡೆಯ ಕಡೆಗೇ ನೋಡುತ್ತಿದ್ದಳು. ಬಂಡೆ ಒಣಗಿಯೇ ಇತ್ತು. ಸಂಜೆ ಹಟ್ಟಿ ದಾಟುವಾಗ ಮಗು ಜಗುಲಿಯ ಮೇಲೆ ಆಡುತ್ತಿತ್ತು. ಮಧ್ಯಾಹ್ನ ಭೂತಮ್ಮನೇ ಬಾಚಿ ಹಾಕಿದ್ದ ಜಡೆ ಹಾಗೇ ಇತ್ತು, ಒಂದು ಹನಿ ನೀರು ತಾಗಿರಲಿಲ್ಲ. ಭೂತಮ್ಮನ ಕಾಲು ನಿಂತವು. ಬಾಗಿಲಲ್ಲಿ ಕೂತಿದ್ದ ಜುಂಜಮ್ಮ, ಯಾರೂ ಕೇಳದಿದ್ದರೂ, ರಸ್ತೆಯ ಕಡೆ ಮುಖ ಮಾಡಿ ಹೇಳಿದಳು.

"ಸೌದೆ ಎಲ್ಲ ಹಸಿ ಐತೆ ಕಣಮ್ಮಿ. ನೀರು ಕಾಯ್ಲಿಲ್ಲ."

ಅವಳ ಬೆನ್ನ ಹಿಂದೆ ಗೋಡೆಗೆ ಒತ್ತಿಕೊಂಡು ಒಣಗಿದ ಕಾಯಿಮಟ್ಟೆ, ತೆಂಗಿನ ಗರಿ, ಕುರಂಬಳೆಯ ಉರುವಲನ್ನು ಸೂರಿನವರೆಗೆ ಪೇರಿಸಿತ್ತು. ಭೂತಮ್ಮ ಅದನ್ನು ನೋಡಿದಳು. ಹೌದು ಕಣವ್ವ, ಈ ಸಲ ಮಳೆ ಜಾಸ್ತಿ ಆಯಿತು ಎಂದು ಹೇಳಿ ಕೆರೆ ಏರಿಯ ದಾರಿ ಹಿಡಿದಳು.

ಅದಾಗಿ ಎಷ್ಟೋ ಬೇಸಿಗೆ ಕಳೆದವು. ಜುಂಜಮ್ಮ ಬದುಕಿರುವವರೆಗೂ ಅವಳ ಮನೆಯ ಸೌದೆ ಒಣಗಲಿಲ್ಲ.