ದರ್ಜಿಯ ಹಾಳೆಯ ಸಣ್ಣ ಸ್ವರಗಳು

ಹಗಲು ಅಚ್ಚುಕೂಟದಲ್ಲಿ ಕರಡು ತಿದ್ದುವುದು, ಸಂಜೆ ಊರಿನ ಬ್ಯಾಂಡಿಗೆ ಹಾಡುಗಳನ್ನು ಒಂದೊಂದು ವಾದ್ಯಕ್ಕೂ ಹೊಂದಿಸಿ ಬರೆಯುವುದು. ಅವಳ ಬದುಕು ಎರಡೂ ಹೊತ್ತು ಕಾಗದದ ಮೇಲೆಯೇ ಸಾಗಿತ್ತು. ಸ್ವರ ಓದಲು ಕಲಿಸಿದವನು ಚಿಕ್ಕಪ್ಪ. ಅಂಚೆ ಹಂಚುತ್ತ ಜೀವಮಾನವೆಲ್ಲ ಸೈಕಲ್ ತುಳಿದವನು. ಅವನು ಟ್ರೊಂಬೋನ್ ಊದಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಈಚೆಗೆ ಮೆಟ್ಟಿಲು ಹತ್ತಿದರೂ ಏದುಸಿರು.

ಈ ಸಲ ಬ್ರೆಜಿಲ್ಲಿನ ಒಂದು ಸಾಂಬಾ ಹಾಡು. ರೇಡಿಯೋದಲ್ಲಿ ಕೇಳಿ ಕೇಳಿ ಎಲ್ಲರ ಬಾಯಲ್ಲೂ ಇದ್ದದ್ದು. ಮೊದಲ ಭಾಗದ ರಾಗವನ್ನು ಅವಳು ಚಿಕ್ಕಪ್ಪನಿಗೇ ಕೊಟ್ಟಳು, ಎರಡನೆಯದನ್ನು ತನ್ನ ಕ್ಲಾರಿನೆಟ್ಟಿಗೆ ಇಟ್ಟುಕೊಂಡಳು. ಕೊಟ್ಟ ಮೇಲೆ ಅಳುಕು ಶುರುವಾಯಿತು. ನಡುವೆ ಉಸಿರು ಕೈಕೊಟ್ಟರೆ? ಸ್ಯಾಕ್ಸೋಫೋನ್ ನುಡಿಸುವ ದರ್ಜಿಯ ಹಾಳೆಯಲ್ಲೂ ಅದೇ ರಾಗವನ್ನು ಸಣ್ಣ ಗಾತ್ರದ ಸ್ವರಗಳಲ್ಲಿ ಬರೆದು, ‘ಟ್ರೊಂಬೋನ್ ನಿಂತರೆ ಮಾತ್ರ’ ಎಂದು ಸೇರಿಸಿದಳು. ಚಿಕ್ಕಪ್ಪನಿಗೆ ಹೇಳಲಿಲ್ಲ.

ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ, ಒಣಹಾಕಿದ ಪೈಪುಗಳ ನಡುವೆ ಅಭ್ಯಾಸ. ಚಿಕ್ಕಪ್ಪ ಎರಡು ಸಾಲು ಸೊಗಸಾಗಿ ನುಡಿಸಿ, ಮೂರನೆಯದನ್ನು ಬೇಕೆಂದೇ ತುಸು ತಡೆದ. ಸಾಂಬಾಕ್ಕೆ ಹಾಗೆ ತಾಳದ ಹಿಂದೆ ಹಿಂದೆ ಬರುವುದೇ ಚೆಂದ. ಅವನು ನಿಂತೇಬಿಟ್ಟನೆಂದುಕೊಂಡ ದರ್ಜಿ ಜೋರಾಗಿ ಊದಿದ.

ಚಿಕ್ಕಪ್ಪ ವಾದ್ಯ ಕೆಳಗಿಳಿಸಿದ. “ಯಾರಯ್ಯ ಅದು? ನಾನಿನ್ನೂ ಇದ್ದೀನಲ್ಲ!”

ಎಲ್ಲರೂ ಘೊಳ್ಳೆಂದರು.

“ನಂದೇನಿದೆ ಯಜಮಾನ್ರೇ, ಅಳತೆ ಕೊಟ್ಟ ಹಾಗೆ ಹೊಲಿಯೋನು ನಾನು,” ಎಂದ ದರ್ಜಿ. “ನೋಡಿ ಇಲ್ಲಿ. ನೀವು ನಿಂತ್ರೆ ನಾನು ಊದ್ಬೇಕಂತೆ.”

ನಗು ತಟ್ಟನೆ ಅಡಗಿತು. ಅವಳು ತನ್ನ ಹಾಳೆಗಳನ್ನು ಜೋಡಿಸತೊಡಗಿದಳು. “ಎಲ್ಲ ಬ್ಯಾಂಡಲ್ಲೂ ಹೀಗೆ ಬರೀತಾರೆ, ಚಿಕ್ಕಪ್ಪ.”

“ಹೌದಾ? ನಿನ್ನ ಕ್ಲಾರಿನೆಟ್ ನಿಂತ್ರೆ ಅಂತ ಯಾರಿಗೆ ಬರೆದಿದ್ದೀಯ, ಪುಟ್ಟಿ?”

ಯಾರಿಗೂ ಬರೆದಿರಲಿಲ್ಲ. ನಿಂತ ನೆಲ ಬಾಯಿಬಿಡಬಾರದೇ ಎನಿಸಿತು.

ಚಿಕ್ಕಪ್ಪ ಕುರ್ಚಿಯನ್ನು ಎಳೆದುಕೊಂಡು ಹೋಗಿ ದರ್ಜಿಯ ಪಕ್ಕ ಕೂತ. “ಉಸಿರು ಸಾಲದಿದ್ರೆ ಮೊಣಕೈಲಿ ತಿವೀತೀನಿ. ಅಲ್ಲೀವರೆಗೂ ಬಾಯಿ ಮುಚ್ಕೊಂಡಿರು.”

ಮತ್ತೆ ಶುರುವಾಯಿತು. ಕೊನೆಯ ಸಾಲಿನಲ್ಲಿ ಮೊಣಕೈ ಮೆಲ್ಲಗೆ ಅಲುಗಿತು. ಸ್ಯಾಕ್ಸೋಫೋನ್ ರಾಗವನ್ನು ಮಗುವಿನಂತೆ ಎತ್ತಿಕೊಂಡಿತು. ಚಿಕ್ಕಪ್ಪನನ್ನು ಒಂದು ಮಾತು ಕೇಳಿದ್ದರೆ ಅವತ್ತೇ ಒಪ್ಪುತ್ತಿದ್ದನಲ್ಲ ಎಂದುಕೊಂಡಳು.

ಅವಳ ಸರದಿ ಬಂತು. ಕ್ಲಾರಿನೆಟ್ ತುಟಿಯಲ್ಲಿತ್ತು, ಉಸಿರು ಹೊರಡಲಿಲ್ಲ. ಆ ಜಾಗ ತುಂಬಲು ಯಾರ ಹಾಳೆಯಲ್ಲೂ ಏನೂ ಇರಲಿಲ್ಲ. ಬರೀ ಡ್ರಮ್ಮು ಬಡಿಯುತ್ತಿತ್ತು. ಚಿಕ್ಕಪ್ಪ ಅವಳ ಕಡೆ ತಿರುಗದೆ, ಕಾಲಲ್ಲಿ ತಾಳ ಹಾಕುತ್ತ ಅವಳಿಗಾಗಿ ಕಾದ.