ಮಾದಪ್ಪನವರು ಕಂಡ ದೇವದೂತರು

ಆ ಮಾತು ನನ್ನದಲ್ಲ, ಮಂಜುಳಾ. ಮೂವತ್ತು ವರ್ಷ ಅದನ್ನು ನನ್ನದೆಂದೇ ಹೇಳಿಕೊಂಡು ತಿರುಗಿದೆ. ಅದರಿಂದಲೇ ಮೈಸೂರಿನಲ್ಲಿ ನಾಲ್ಕು ಜನ ನನ್ನನ್ನು ಕಲಾವಿಮರ್ಶಕ ಎಂದು ಕರೆದರು. ಅದು ನಿಮ್ಮಪ್ಪ ಮಾದಪ್ಪನವರ ಮಾತು. ನಾನು ಕದ್ದೆ.

ಆಗ ರಾಮಕೃಷ್ಣನಗರದಲ್ಲಿ ನಮ್ಮ ಮನೆ ಕಟ್ಟುತ್ತಿದ್ದೆವು. ಮಾದಪ್ಪನವರು ಕೆಸರೆಯಿಂದ ಸೈಕಲ್ಲಿನಲ್ಲಿ ಗಾರೆ ಕೆಲಸಕ್ಕೆ ಬರುತ್ತಿದ್ದರು. ನಾನು ಚಿತ್ರಕಲೆಯ ಮೇಷ್ಟ್ರು. ಸ್ಪೇನಿನವರು ಆಳುತ್ತಿದ್ದ ಕಾಲದಲ್ಲಿ ಮೆಕ್ಸಿಕೋದ ಹಳ್ಳಿಗಳಲ್ಲಿ ಎದ್ದ ಚರ್ಚುಗಳ ಬಗ್ಗೆ ಉಪನ್ಯಾಸ ಒಪ್ಪಿಕೊಂಡುಬಿಟ್ಟಿದ್ದೆ. ಎರವಲು ತಂದ ದೊಡ್ಡ ಚಿತ್ರಪುಸ್ತಕವನ್ನು ಸಿಮೆಂಟ್ ಮೂಟೆಯ ಮೇಲೆ ಹರಡಿಕೊಂಡು ಕೂರುತ್ತಿದ್ದೆ. ಗುಮ್ಮಟದ ತುಂಬ ಗಾರೆಯ ಗೊಂಬೆಗಳು, ಬಣ್ಣ, ಚಿನ್ನದ ರೇಕು — ಏನು ಹೇಳಬೇಕೆಂದೇ ತೋಚುತ್ತಿರಲಿಲ್ಲ. ಯೂರೋಪಿನದನ್ನು ನೋಡಿ ಹಳ್ಳಿಯವರು ಒರಟಾಗಿ ಮಾಡಿದ್ದು ಎಂದು ಬರೆದಿಟ್ಟಿದ್ದೆ. ನನ್ನ ಓದು ಅಷ್ಟಕ್ಕೇ ಮುಗಿದಿತ್ತು.

ಒಂದು ಮಧ್ಯಾಹ್ನ ಊಟ ಮುಗಿಸಿದ ಮಾದಪ್ಪನವರು ಕೈ ಒರೆಸಿಕೊಂಡು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಹಸಿ ಗೋಡೆಯ ಆ ವಾಸನೆ ಈಗಲೂ ಮೂಗಿಗೆ ಬಂದಂತಾಗುತ್ತದೆ. ಪುಟಕ್ಕೆ ಬೆರಳು ತಾಗಿಸದೆ, ಕೆಳಗಿನಿಂದ ಮೇಲಕ್ಕೆ ತೋರಿಸುತ್ತಾ ಹೋದರು.

"ಕೆಳ್ಗಡೆ ನೋಡಿ ಸ್ವಾಮಿ, ಯೋಳ್ದಂಗೆ ಮಾಡವ್ರೆ, ಎಲ್ಲಾ ಒಂದೇ ಮೊಖ. ಪಾದ್ರಿ ಕಣ್ಣು ಅಲ್ಲೀಗಂಟ ಬೀಳ್ತದೆ. ಸಾರ್ವೆ ಹತ್ತಿ ಅಷ್ಟೆತ್ರಕ್ಕೋದ್ರೆ ಯಾರವ್ರೆ ಕೇಳಕ್ಕೆ? ಅಲ್ಲಿ ಗಾರೆಯವ್ನು ಅವ್ನ ಮನೆ ಮಕ್ಕಳ್ನೇ ಕೂರಿಸ್ಬುಟ್ಟವ್ನೆ!"

ನೋಡಿದೆ. ಮೇಲಿನ ದೇವದೂತರಿಗೆ ಕಂದು ಮೈ, ಅಗಲ ಕೆನ್ನೆ, ತಲೆಗೆ ಗರಿಯ ಕಿರೀಟ, ಪಕ್ಕದಲ್ಲಿ ಮುಸುಕಿನ ಜೋಳದ ತೆನೆ. ಒಂದು ಪುಟಾಣಿಗಂತೂ ಮುಂದಿನ ಹಲ್ಲೇ ಬಿದ್ದುಹೋಗಿತ್ತು! ಇಬ್ಬರೂ ನಕ್ಕೆವು. ತಾವೂ ಒಮ್ಮೆ ಹಾಗೆ ಮಾಡಿದ್ದುಂಟು ಎಂದರು ನಿಮ್ಮಪ್ಪ — ಯಾರದೋ ದೊಡ್ಡ ಮನೆಯ ಪ್ಯಾರಪೆಟ್ಟಿನ ಗಾರೆಯ ಬಳ್ಳಿಗಳ ನಡುವೆ ಪುಟ್ಟ ಹುಡುಗಿಯಾಗಿದ್ದ ನಿಮ್ಮ ಮುಖ. ಯಾವ ಮನೆ ಎಂದು ನಾನು ಕೇಳಲೇ ಇಲ್ಲ. ಬರೆದುಕೊಳ್ಳುವ ಅವಸರ ನನಗೆ.

ಆ ವಾರವೆಲ್ಲ ಊಟದ ಬಿಡುವಿನಲ್ಲಿ ದಿನಕ್ಕೊಂದು ಚರ್ಚು ನೋಡಿದೆವು. ಅಷ್ಟು ಸುಖವಾಗಿ ನಾನು ಮತ್ತೆಂದೂ ಚಿತ್ರ ನೋಡಿದ್ದಿಲ್ಲ.

ಉಪನ್ಯಾಸಕ್ಕೆ ನಾನೇ ಅವರನ್ನು ಕರೆದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದರು. ಸಾರ್ವೆ ಏರಿದಷ್ಟೂ ಕುಶಲಕರ್ಮಿಯ ಕೈ ಸ್ವತಂತ್ರವಾಗುತ್ತದೆ ಎಂದೆ, ಸಭೆ ತಲೆದೂಗಿತು. "ಇದು ನಿಮಗೆ ಹೇಗೆ ಹೊಳೀತು ಸಾರ್?" ಎಂದು ಅಧ್ಯಕ್ಷರು ಕೇಳಿದರು. ಕೊನೆಯ ಸಾಲಿಗೆ ಕೈ ತೋರಿಸಿದ್ದರೆ ಸಾಕಿತ್ತು...

"ನೋಡ್ತಾ ನೋಡ್ತಾ ನನಗೇ ಹೊಳೀತು" ಎಂದೆ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾದಪ್ಪನವರು. ಅವರಿಗೆ ಗೊತ್ತಾಗಲಿಲ್ಲ ಎಂದುಕೊಂಡೆ. ಅಥವಾ, ಕ್ಷಮಿಸಿಬಿಟ್ಟರು ಎಂದು — ನನಗೆ ಅನುಕೂಲವಾದದ್ದನ್ನೇ ಅಂದುಕೊಂಡೆ.

ಹೋದ ವಾರ, ಕೊನೆಗೂ ಹೇಳಿಬಿಡೋಣವೆಂದು ಕೆಸರೆಗೆ ಬಂದರೆ ಗೋಡೆಯ ಮೇಲೆ ಅವರ ಫೋಟೋ, ಅದಕ್ಕೆ ಹಾರ. ನೀವು ಕಾಫಿ ಕೊಟ್ಟು, ಹೆಮ್ಮೆಯಿಂದ ಹೇಳಿದಿರಿ: "ಅಪ್ಪ ಯಾವಾಗ್ಲೂ ಅನ್ನೋರು ಮೇಷ್ಟ್ರೇ — 'ನಾನು ಯೋಳೋಕ್ ಮುಂಚೇನೆ ಮೇಷ್ಟ್ರಿಗೆ ಎಲ್ಲಾ ಗೊತ್ತಿತ್ತು ಕಣವ್ವಾ, ಓದ್ದೋರಲ್ವಾ; ನಂಗೆ ಬೇಜಾರಾಗ್ಬಾರ್ದು ಅಂತ ಸುಮ್ಕೆ ಕೇಳುಸ್ಕೊಂಡ್ರು' ಅಂತ."

ಕಾಫಿ ಕುಡಿದು ಎದ್ದು ಬಂದೆ. ಒಂದು ಮಾತನ್ನಷ್ಟೇ ಕದ್ದಿದ್ದೇನೆ ಎಂದು ತಿಳಿದಿದ್ದೆ. ತಮ್ಮ ಕಣ್ಣಿನ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ. ನಾಚಿಕೆಯಾಗುತ್ತದೆ.

ಈ ಕಾಗದದ ಒಂದು ಪ್ರತಿಯನ್ನು ಆ ಮಾತನ್ನೇ ಹಿಡಿದು ಬರೆದ ನನ್ನ ಪುಸ್ತಕ ಅಚ್ಚು ಹಾಕಿದವರಿಗೂ ಕಳಿಸುತ್ತಿದ್ದೇನೆ. ಆದರೆ ಮೊದಲು ನಿಮಗೆ ಹೇಳಬೇಕು, ಮಾದಪ್ಪನವರಿಗೆ ಹೇಳಲಾಗದ್ದನ್ನು. ನಾನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ, ಮಂಜುಳಾ. ನನಗೇನೂ ಗೊತ್ತಿರಲಿಲ್ಲ. ನಿಮ್ಮಪ್ಪನವರೇ ಹೇಳಿಕೊಟ್ಟದ್ದು.