ಅತ್ತೆ ಎತ್ತಿದ ಹಿಡಿಮಣ್ಣು

ಯೆಹೂದ್ಯರ ಧರ್ಮಗ್ರಂಥ ಓದುವಾಗ ನನಗೆ ಹೆದರಿಕೆಯಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದುಷ್ಟರ ಊರಿನ ಮೇಲೆ ಬೆಂಕಿ ಸುರಿಸುತ್ತೇನೆ, ಬೆಳೆಗೆ ಮಿಡತೆ ಬಿಡುತ್ತೇನೆ ಎಂದು ದೇವರು ಗುಡುಗುತ್ತಿದ್ದರೆ, ಕೆ.ಆರ್. ಪೇಟೆಯ ಬಾಡಿಗೆ ಮನೆಯಲ್ಲಿ ಕಾಲು ಚಾಚಿ ಓದುತ್ತಿರುವ ನಾನು ಮೆಲ್ಲಗೆ ಕಾಲು ಮಡಚಿಕೊಳ್ಳುತ್ತೇನೆ. ಆಗೆಲ್ಲ ಸಂತೆಬಾಚಹಳ್ಳಿಯ ನನ್ನ ಸೋದರತ್ತೆ ತಾಯಮ್ಮ ನೆನಪಾಗುತ್ತಾಳೆ.

ಅತ್ತೆ ವಿಧವೆ. ಅವಳಿಗಿದ್ದದ್ದು ರಾಗಿ ಬೆಳೆಯುವ ಒಂದು ತುಂಡು ಹೊಲ. ತೊಂಬತ್ತರ ದಶಕದಲ್ಲಿ ಊರಿಗೆ ಬಾಡಿಗೆ ಟ್ರಾಕ್ಟರು ಬಂದದ್ದೇ ತಡ, ಪಕ್ಕದ ಹೊಲದ ಸಿದ್ದೇಗೌಡ ಉಳುವ ನೆಪದಲ್ಲಿ ನಡುವಿನ ಬದುವನ್ನೇ ಅತ್ತೆಯ ಕಡೆಗೆ ತಳ್ಳಿಬಿಟ್ಟ. ಊರ ಯಜಮಾನರು ನಾಳೆ ನೋಡೋಣ ಎನ್ನುತ್ತಲೇ ಇದ್ದರು. ಉಳಿದದ್ದು ನಮ್ಮ ಕಡೆಯ ಹೆಂಗಸರ ಕೊನೆಯ ನ್ಯಾಯಾಲಯ: ಅನ್ಯಾಯ ಮಾಡಿದವನತ್ತ ಹಿಡಿಮಣ್ಣು ತೂರಿ ಶಾಪ ಹಾಕುವುದು. ನಾನು ರಜೆಗೆ ಹೋಗಿದ್ದ ದಿನವೇ ಅತ್ತೆ ತುರುಬು ಬಿಚ್ಚಿ, ಹೊಲದಲ್ಲಿ ನಿಂತು ಮಣ್ಣು ಎತ್ತಿದಳು. ಆಚೆ ಹುಲ್ಲು ಕೊಯ್ಯುತ್ತಿದ್ದ ಸಿದ್ದೇಗೌಡನ ಕುಡುಗೋಲು ನಿಂತಿತು.

"ಮಾರವ್ವಾ, ಇವ್ನ ಮನೆ ಎಕ್ಕುಟ್ಟೋಗ!" ಎಂದು ಕೂಗಿದವಳು ಮಣ್ಣು ತೂರದೆ ತಡೆದಳು. "ಇವ್ನ ಸೊಸೆ ಬಸ್ರಿ ಕಣವ್ವ, ಅವ್ಳ್ನ ಬುಟ್ಟು." ಮತ್ತೆ ಕೈ ಎತ್ತಿದಳು. "ಎಂಡ್ತೀನೂ ಬುಟ್ಬುಡು, ನಂಗೆ ಜ್ವರ ಬಂದಾಗ ಗಂಜಿ ತಂದ್ಕೊಟ್ಟವ್ಳೆ." ಆಮೇಲೆ ಎತ್ತುಗಳಿಗೂ ಮಾಫಿ ಸಿಕ್ಕಿತು, ಅವೇನು ಮಾಡಿದ್ದವು ಪಾಪ. ಕೊನೆಗೆ ಶಾಪಕ್ಕೆ ಸಿದ್ದೇಗೌಡ ಒಬ್ಬನೇ ಉಳಿದ. "ಇವ್ನೂ ಸತ್ರೆ ಅವ್ರ್ನೆಲ್ಲ ಸಾಕೋರ್ಯಾರವ್ವ?" ಎಂದು ಅತ್ತೆ ಅಳತೊಡಗಿದಳು. ಮಣ್ಣು ಬೆರಳ ಸಂದಿಯಿಂದ ಸೋರಿ ಅವಳ ಕಾಲ ಮೇಲೇ ಬಿತ್ತು. ನನಗೆ ನಗು ಬಂದಿತ್ತು, ಅದಕ್ಕಿಂತ ಹೆಚ್ಚು ಸಂಕಟವಾಗಿತ್ತು.

ಆ ಗ್ರಂಥದಲ್ಲೂ ಒಬ್ಬ ಮುದುಕನಿದ್ದಾನೆ. ಸುಟ್ಟುಹೋಗಬೇಕಾದ ಊರಿನ ಪರವಾಗಿ, ಇಷ್ಟು ಜನ ಒಳ್ಳೆಯವರು ಸಿಕ್ಕರೆ ಬಿಡುತ್ತೀಯಾ, ಇನ್ನೂ ಕಡಿಮೆ ಸಿಕ್ಕರೆ, ಎಂದು ದೇವರ ಜತೆ ಚೌಕಾಸಿಗೆ ಇಳಿಯುತ್ತಾನೆ. ಅಲ್ಲಿ ಗುಡುಗು ಒಬ್ಬರದು, ಚೌಕಾಸಿ ಇನ್ನೊಬ್ಬರದು. ನಮ್ಮತ್ತೆ ಎರಡನ್ನೂ ಒಬ್ಬಳೇ ನಿಭಾಯಿಸಿದ್ದಳು. ಗ್ರಂಥದ ಆ ಊರು ಮಾತ್ರ ಉಳಿಯಲಿಲ್ಲ.

ಮರುದಿನ ನೋಡಿದರೆ ಸಿದ್ದೇಗೌಡ ಗುದ್ದಲಿ ಹಿಡಿದು ಬದುವನ್ನು ಹಳೆಯ ಜಾಗಕ್ಕೇ ಕಟ್ಟುತ್ತಿದ್ದ. ನಮ್ಮ ಕಡೆ ತಲೆ ಎತ್ತಿ ನೋಡಲಿಲ್ಲ.

"ಮಣ್ಣು ತೂರ್ಲೇ ಇಲ್ವಲ್ಲತ್ತೆ, ಸಾಪ ಅದೆಂಗ್ ತಟ್ತು?" ಎಂದು ನಾನು ಛೇಡಿಸಿದೆ.

"ತಟ್ಲಿ ಅಂತ ಯಾರ್ಲಾ ಕೂಗ್ತಾರೆ? ತಟ್ಟೋದ್ರೊಳ್ಗೆ ಮಾಡ್ದೋನ್ಗೆ ಕೇಳುಸ್ಲಿ ಅಂತ ಕಣ್ಲಾ" ಎಂದ ಅತ್ತೆ, ಬಿಸಿಲೇರಿದ್ದು ನೋಡಿ, ಅವನಿಗೊಂದು ಚೊಂಬು ಮಜ್ಜಿಗೆ ಕೊಟ್ಟು ಬಾ ಎಂದು ನನ್ನನ್ನೇ ಅಟ್ಟಿದಳು.